ಹಡಗಿನಲ್ಲಿ ಬಂದವರು, ದೋಣಿಯಲ್ಲಿ ಬಂದವರು

"ಭಾರತವೇನು ಧರ್ಮಛತ್ರವೇ?" 2025ರ ಮೇ ತಿಂಗಳಿನಿಂದೀಚೆಗೆ ಈ ಪ್ರಶ್ನೆ ನಮ್ಮವರ ಬಾಯಲ್ಲಿ ಸಲೀಸಾಗಿ ಓಡಾಡುತ್ತಿದೆ. ಆ ತಿಂಗಳ 19ರಂದು ಶ್ರೀಲಂಕಾ ತಮಿಳನೊಬ್ಬನ ಅರ್ಜಿಯನ್ನು ತಳ್ಳಿಹಾಕುವಾಗ ಸುಪ್ರೀಂ ಕೋರ್ಟಿನ ದ್ವಿಸದಸ್ಯ ಪೀಠವು, 140 ಕೋಟಿ ಜನರನ್ನು ಹೊತ್ತು ಹೆಣಗುತ್ತಿರುವ ಈ ದೇಶವು ಎಲ್ಲೆಡೆಯಿಂದ ಬರುವ ವಿದೇಶೀಯರನ್ನು ಇಳಿಸಿಕೊಳ್ಳುವ ಧರ್ಮಛತ್ರವಲ್ಲ ಎಂಬರ್ಥದ ಮಾತನ್ನಾಡಿತ್ತು. ಆ ಅರ್ಜಿದಾರ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆಯಡಿ ಶಿಕ್ಷೆ ಅನುಭವಿಸಿದವನು. ಶಿಕ್ಷೆ ಮುಗಿದ ಬಳಿಕ ದೇಶ ಬಿಡಬೇಕೆಂಬ ಆದೇಶದ ವಿರುದ್ಧ ಆತ ಕೋರ್ಟಿಗೆ ಹೋಗಿದ್ದ. ವಿಚಾರಣೆಯ ನಡುವೆ ಮೌಖಿಕವಾಗಿ ಬಂದ ಮಾತದು. ಆದರೆ ಟಿವಿ ಪರದೆಯ ಕೆಳಗೆ ಓಡುವ ಸಾಲಿನಲ್ಲಿ ಇಷ್ಟೆಲ್ಲ ವಿವರ ಹಿಡಿಸುವುದಿಲ್ಲ. ಅಲ್ಲಿ ಉಳಿದದ್ದು 'ಧರ್ಮಛತ್ರ' ಎಂಬ ಒಂದೇ ಶಬ್ದ. ಒಬ್ಬ ಅಪರಾಧಿಯ ಕುರಿತು ಬಂದ ಶಬ್ದ ನಾಲ್ಕೇ ದಿನಗಳಲ್ಲಿ ತಮಿಳುನಾಡಿನ ಶಿಬಿರಗಳಲ್ಲಿರುವ ಸಾವಿರಾರು ಕುಟುಂಬಗಳ ತಲೆಯ ಮೇಲೆ ಬಂದು ಕೂತಿತು.

ನಮ್ಮ ಮಾಧವರಂ ಭಾಗದ ಕನ್ನಡ ಸಂಘದ ಕಾರ್ಯಕಾರಿ ಸಮಿತಿ ಸಭೆಗೂ ಈ ಶಬ್ದ ಬಂದು ತಲುಪಿದೆ. ವರ್ಷಂಪ್ರತಿ ಜೂನ್ ತಿಂಗಳಲ್ಲಿ ಶಾಲಾ ಮಕ್ಕಳಿಗೆ ಉಚಿತ ನೋಟ್ ಪುಸ್ತಕ ವಿತರಿಸುವುದು ಸಂಘದ ವಾಡಿಕೆ. ಈ ಸಾಲಿನಲ್ಲಿ ಪುಳಲ್ ಶಿಬಿರದ ಮಕ್ಕಳನ್ನೂ ಪಟ್ಟಿಗೆ ಸೇರಿಸಿಕೊಳ್ಳಬಹುದೇ ಎಂದು ಯುವ ವಿಭಾಗದ ಸದಸ್ಯೆಯೊಬ್ಬರು ವಿನಮ್ರವಾಗಿ ಸೂಚಿಸಿದರು. ಹಿರಿಯರೊಬ್ಬರು ತಕ್ಷಣ ಎದ್ದು, "ಅಲ್ಲಮ್ಮಾ, ಕ್ಯಾಂಪಿನವರಿಗೆ ಸರ್ಕಾರ ಎಲ್ಲ ಪುಕ್ಕಟೆ ಕೊಡ್ತದೆ. ನಮ್ಮ ಮಕ್ಕಳಿಗೇ ಸಾಲದ ದುಡ್ಡಿನಲ್ಲಿ ನಾವೂ ಧರ್ಮಛತ್ರ ಇಡ್ಬೇಕಾ?" ಎಂದರು. ಕೆಲವರು ನಕ್ಕರು. ವಿಷಯವನ್ನು ಮುಂದಿನ ಸಭೆಗೆ ಮುಂದೂಡಲಾಯಿತು. ಆ ಹಿರಿಯರು ಕೆಟ್ಟವರೇನಲ್ಲ. ಸಂಘಕ್ಕಾಗಿ ಬೆವರು ಸುರಿಸಿದವರು. ಅವರಾಡಿದ್ದು ನಮ್ಮಲ್ಲಿ ಬಹುಮಂದಿ ಮನಸ್ಸಿನಲ್ಲಿ ಇಟ್ಟುಕೊಂಡಿರುವ ಮಾತನ್ನೇ. ಆದ್ದರಿಂದಲೇ ಅದಕ್ಕೆ ಸಾವಕಾಶವಾಗಿ, ಲೆಕ್ಕ ಸಹಿತ ಉತ್ತರ ಹೇಳುವುದು ಅಗತ್ಯವೆನಿಸುತ್ತದೆ.

ಮಾಧವರಂ ಹಾಲಿನ ಕಾಲೊನಿಯಿಂದ ಜಿ.ಎನ್.ಟಿ. ರಸ್ತೆ ಹಿಡಿದು ಸೆಂಗುಂಡ್ರಂ ಕಡೆಗೆ, ನಮ್ಮವರು ರೆಡ್ ಹಿಲ್ಸ್ ಎನ್ನುವ ಕಡೆಗೆ, ಹೊರಟರೆ ಕೆಲವೇ ಕಿಲೋಮೀಟರುಗಳಲ್ಲಿ ಪುಳಲ್ ಸಿಗುತ್ತದೆ. ಪುಳಲ್ ಎಂದೊಡನೆ ಚೆನ್ನೈನವರಿಗೆ ನೆನಪಾಗುವುದು ಕುಡಿಯುವ ನೀರಿನ ಕೆರೆ ಮತ್ತು ಕೇಂದ್ರ ಕಾರಾಗೃಹ. ಇವೆರಡರ ಆಸುಪಾಸಿನಲ್ಲೇ, ಕಾವಾಂಗರೈಯಲ್ಲಿ, ಶ್ರೀಲಂಕಾ ತಮಿಳರ ಶಿಬಿರವಿದೆ. ಬಸ್ಸಿನಲ್ಲಿ ಹೋಗುವಾಗ ಎಷ್ಟೋ ಬಾರಿ ನೋಡಿರುತ್ತೇವೆ, ಒಳಗೆ ಹೋದವರು ನಮ್ಮಲ್ಲಿ ಎಷ್ಟು ಮಂದಿ? 1983ರ ಜುಲೈನಲ್ಲಿ ಕೊಲಂಬೊದಲ್ಲಿ ತಮಿಳರ ಮೇಲೆ ನಡೆದ ಘೋರ ಹಿಂಸಾಚಾರದ ನಂತರ, 2012ರವರೆಗೆ ಅಲೆ ಅಲೆಯಾಗಿ ಸುಮಾರು 3 ಲಕ್ಷ ಮಂದಿ ತಮಿಳುನಾಡಿಗೆ ಬಂದಿಳಿದರು. ಬಹುಪಾಲು ಜನ ಮರಳಿದ್ದಾರೆ, ಇಲ್ಲವೇ ಬೇರೆ ದೇಶ ಸೇರಿದ್ದಾರೆ. ರಾಜ್ಯದ ನೂರಕ್ಕೂ ಹೆಚ್ಚು ಶಿಬಿರಗಳಲ್ಲಿ ಐವತ್ತು ಸಾವಿರಕ್ಕೂ ಮಿಕ್ಕಿದ ಜನ ಉಳಿದುಕೊಂಡರು. ಶಿಬಿರದ ಹೊರಗೆ ಪೊಲೀಸ್ ಠಾಣೆಯಲ್ಲಿ ಹೆಸರು ನೋಂದಾಯಿಸಿಕೊಂಡು ಬಾಳುತ್ತಿರುವವರು ಬೇರೆ. ಹತ್ತಡಿ ಉದ್ದ ಹತ್ತಡಿ ಅಗಲದ ಕೋಣೆಗಳಲ್ಲಿ ಇವರ ಎರಡು ತಲೆಮಾರು ಕಳೆದುಹೋಗಿದೆ, ಮೂರನೆಯದು ಶಾಲೆಗೆ ಹೋಗುತ್ತಿದೆ.

ಈಗ 'ಎಲ್ಲ ಪುಕ್ಕಟೆ' ಎಂಬ ಮಾತಿಗೆ ಬರೋಣ. ಬ್ಯಾಂಕಿನ ಗುಮಾಸ್ತನಾದುದರಿಂದ ಅಂಕಿ ನೋಡದೆ ಸಮಾಧಾನವಾಗುವುದಿಲ್ಲ. 2021ರ ಆಗಸ್ಟ್‌ನಲ್ಲಿ ತಮಿಳುನಾಡು ಸರ್ಕಾರ ಶಿಬಿರವಾಸಿಗಳಿಗೆ 317.40 ಕೋಟಿ ರೂಪಾಯಿಗಳ ಯೋಜನೆ ಘೋಷಿಸಿತು. ಶಿಥಿಲಗೊಂಡ 7,469 ಮನೆಗಳನ್ನು ಹೊಸದಾಗಿ ಕಟ್ಟಿಸಿಕೊಡುವುದು ಅದರ ಮುಖ್ಯ ಅಂಶ. ಮಾಸಿಕ ಸಹಾಯಧನವನ್ನೂ ಆಗಲೇ ಏರಿಸಲಾಯಿತು. ಮನೆಯ ಯಜಮಾನನಿಗೆ 1,000ದಿಂದ 1,500 ರೂಪಾಯಿ, ಉಳಿದ ವಯಸ್ಕರಿಗೆ 750ರಿಂದ 1,000, ಮಕ್ಕಳಿಗೆ 400ರಿಂದ 500. ಗಂಡ ಹೆಂಡತಿ, ಇಬ್ಬರು ಮಕ್ಕಳ ಸಂಸಾರಕ್ಕೆ ತಿಂಗಳಿಗೆ 3,500 ರೂಪಾಯಿ. ಮೂವತ್ತರಿಂದ ಭಾಗಿಸಿದರೆ ದಿನಕ್ಕೆ ನೂರಾ ಹದಿನಾರು ರೂಪಾಯಿ ಚಿಲ್ಲರೆ, ತಲೆಗೆ ಮೂವತ್ತು ರೂಪಾಯಿಯೂ ಇಲ್ಲ. ನಮ್ಮ ಸಂಘದ ಸಭೆಯಲ್ಲಿ ಒಬ್ಬೊಬ್ಬರಿಗೆ ಹಂಚುವ ಗೋಳಿಬಜೆ, ಕಾಫಿಗೆ ಇದಕ್ಕಿಂತ ಹೆಚ್ಚು ಬೀಳುತ್ತದೆ. ಪಡಿತರ ಅಕ್ಕಿಯೂ ಇದೆ, ನಿಜ. ಆ ಅಕ್ಕಿ ನಮ್ಮ ಬೀದಿಯ ಎಲ್ಲ ಕಾರ್ಡುದಾರರಿಗೂ ಪುಕ್ಕಟೆಯೇ ಸಿಗುತ್ತದೆ. ಇಷ್ಟರಲ್ಲಿ ಬದುಕು ಸಾಗದು. ಹಾಗಾಗಿ ಶಿಬಿರದ ಗಂಡಸರು ಬೆಳಗಾದರೆ ಬಣ್ಣದ ಡಬ್ಬಿ, ಬ್ರಷ್ ಹಿಡಿದು ಕೂಲಿಗೆ ಹೊರಡುತ್ತಾರೆ. ಉತ್ತರ ಚೆನ್ನೈಯಲ್ಲಿ ಮನೆಗೆ ಬಣ್ಣ ಹೊಡೆಸಿದ ನಮ್ಮವರಲ್ಲಿ ಎಷ್ಟೋ ಮಂದಿ ಅವರ ಕೈಯಿಂದಲೇ ಹೊಡೆಸಿರುತ್ತಾರೆ.

ಪುಕ್ಕಟೆ ಸಿಗದ ವಸ್ತುಗಳ ಪಟ್ಟಿಯೂ ಇದೆ. ಸರ್ಕಾರಿ ನೌಕರಿ ಇಲ್ಲ. ಸ್ವಂತ ಹೆಸರಿನಲ್ಲಿ ನಿವೇಶನ ಇಲ್ಲ. ಓಟು ಇಲ್ಲ. ಪಾಸ್‌ಪೋರ್ಟ್ ಇಲ್ಲ. ಶಿಬಿರದಲ್ಲಿ ತಲೆ ಎಣಿಸುವ ದಿನ ಹಾಜರಿರಬೇಕು, ಊರಾಚೆ ಉಳಿಯಬೇಕಾದರೆ ಅಧಿಕಾರಿಗಳಿಗೆ ತಿಳಿಸಬೇಕು. 2021ರಲ್ಲಿ ಸರ್ಕಾರ ಶಿಬಿರಗಳ ಹೆಸರನ್ನು 'ಅಗದಿ ಮುಗಾಮ್' ಎಂಬುದರಿಂದ 'ಮರುವಾಳ್ವು ಮುಗಾಮ್' ಎಂದು ಬದಲಿಸಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ನಿರಾಶ್ರಿತರ ಶಿಬಿರ ಹೋಗಿ ಪುನರ್ವಸತಿ ಶಿಬಿರವಾಯಿತು. ಒಳ್ಳೆಯ ಕೆಲಸ. ಆದರೆ ನಾಮಫಲಕ ಬದಲಾದರೂ ಒಳಗಿರುವವರ ಕಾಗದ ಬದಲಾಗಲಿಲ್ಲ.

ಇಡೀ ವಿಷಯ ನಿಂತಿರುವುದು ಈ ಕಾಗದದ ಮೇಲೆ. ಅದರ ಚರಿತ್ರೆಯನ್ನು ಸ್ವಲ್ಪ ಕೆದಕಿ ನೋಡಬೇಕು.

ಬ್ರಿಟಿಷರ ಕಾಲದಲ್ಲಿ ಸಿಲೋನಿನ ಬೆಟ್ಟಗಳಲ್ಲಿ ಚಹಾ, ಕಾಫಿ ತೋಟಗಳ ಕೂಲಿಗಾಗಿ ತಮಿಳು ಜಿಲ್ಲೆಗಳಿಂದ ಸಾವಿರಗಟ್ಟಲೆ ಬಡವರನ್ನು ಕರೆದೊಯ್ದರು. ಸಿಲೋನ್ ಸ್ವತಂತ್ರವಾದ 1948ರಲ್ಲೇ ಅಲ್ಲಿನ ಪೌರತ್ವ ಕಾಯ್ದೆ ಈ ತೋಟದ ಜನರನ್ನು ಹೊರಗಿಟ್ಟಿತು. ಅತ್ತ ಅಲ್ಲಿಯವರೂ ಅಲ್ಲ, ಇತ್ತ ಇಲ್ಲಿಯವರೂ ಅಲ್ಲ ಎಂದು ಲಕ್ಷಾಂತರ ಮಂದಿ ಅತಂತ್ರರಾದರು. 1964ರ ಅಕ್ಟೋಬರ್ 30ರಂದು ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಮತ್ತು ಸಿರಿಮಾವೋ ಬಂಡಾರನಾಯಕೆಯವರು ಒಪ್ಪಂದಕ್ಕೆ ಸಹಿ ಹಾಕಿದರು. 5,25,000 ಮಂದಿಯನ್ನು ಭಾರತ ಸ್ವೀಕರಿಸುವುದು, 3,00,000 ಮಂದಿಗೆ ಸಿಲೋನ್ ಪೌರತ್ವ ಕೊಡುವುದು. ಬಾಕಿ ಉಳಿದ ಒಂದೂವರೆ ಲಕ್ಷವನ್ನು 1974ರಲ್ಲಿ ಇಂದಿರಾ ಗಾಂಧಿಯವರ ಕಾಲದಲ್ಲಿ ಸಮಪಾಲು ಮಾಡಿಕೊಂಡರು. ಮನುಷ್ಯರನ್ನು ಚಹಾ ಪೆಟ್ಟಿಗೆಯಂತೆ ಎಣಿಸಿ ಹಂಚಿಕೊಂಡ ಒಪ್ಪಂದವೆಂದು ಬೈದವರೂ ಉಂಟು. ಅದೇನೇ ಇರಲಿ, ತಲೈಮನ್ನಾರಿನಿಂದ ರಾಮೇಶ್ವರಕ್ಕೆ ಹಡಗಿನಲ್ಲಿ ಬಂದಿಳಿದವರ ಕೈಯಲ್ಲಿ ಭಾರತದ ಕಾಗದವಿತ್ತು, ಅವರಿಗಾಗಿ ಪುನರ್ವಸತಿ ಯೋಜನೆಗಳಿದ್ದವು.

ಅಂಥವರನ್ನು ನೋಡಲು ನಾವು ಎಲ್ಲೋ ಹೋಗಬೇಕಾಗಿಲ್ಲ. ಚೆನ್ನೈ ಕನ್ನಡಿಗರಲ್ಲಿ ದಕ್ಷಿಣ ಕನ್ನಡ ಜಿಲ್ಲೆಯವರು ಬಹಳ. ಸುಳ್ಯ, ಪುತ್ತೂರು ಕಡೆಯವರಿಗೆ 'ರಬ್ಬರ್ ಕಾಲನಿ'ಯ ಪರಿಚಯವಿದ್ದೇ ಇದೆ. ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಹಾಲು ತೆಗೆಯಲು 1970ರ ದಶಕದಿಂದ ನೆಲೆಗೊಂಡವರು ಇದೇ ಒಪ್ಪಂದದ ಸಿಲೋನ್ ತಮಿಳರು. ಅವರಿಗೆ ಜಾತಿ ಪ್ರಮಾಣಪತ್ರದ ತೊಡಕು ದಶಕಗಟ್ಟಲೆ ಕಾಡಿತು, ಸಂಬಳದ ಜಗಳ ನಡೆದೇ ಇತ್ತು. ಆದರೂ ಅವರು ನಿಗಮದ ನೌಕರರು, ಮತದಾರರು, ಭಾರತದ ಪ್ರಜೆಗಳು. ಅವರ ಮಕ್ಕಳು ಕನ್ನಡ ಮಾಧ್ಯಮದಲ್ಲಿ ಓದಿ, ಮನೆಯಲ್ಲಿ ತಮಿಳು, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಆಡಿಕೊಂಡು ಬೆಳೆದರು. ಸುಳ್ಯದ ಜನ 'ಇದೇನು ಧರ್ಮಛತ್ರವೇ' ಎಂದು ಕೇಳಿ ಅವರನ್ನು ಅಟ್ಟಲಿಲ್ಲ.

ಯುದ್ಧ ಹೊತ್ತಿಕೊಂಡು 1984ರ ಸುಮಾರಿಗೆ ಆ ಹಡಗು ನಿಂತುಹೋಯಿತು. ಹೆಸರು ಬರೆಸಿ ಸರದಿಗಾಗಿ ಕಾಯುತ್ತಿದ್ದವರೂ ಅಲ್ಲೇ ಸಿಕ್ಕಿಬಿದ್ದರು. ತೋಟಗಳಲ್ಲಿ ಗಲಭೆಯಾದಾಗ ಬಡಗಣ ಜಿಲ್ಲೆಗಳಿಗೆ ಓಡಿದ್ದ ಬೆಟ್ಟದ ತಮಿಳರು ಅಲ್ಲಿಂದಲೂ ಓಡಬೇಕಾಗಿ ಬಂತು. ಈ ಸಾರಿ ಮೀನುಗಾರರ ದೋಣಿಗೆ ಹಣ ತೆತ್ತು, ರಾತ್ರಿಯಲ್ಲಿ ಪಾಕ್ ಜಲಸಂಧಿ ದಾಟಿ, ಧನುಷ್ಕೋಟಿಯ ಮರಳಿನ ಮೇಲೆ ಇಳಿದರು. ಶಿಬಿರಗಳಲ್ಲಿರುವವರಲ್ಲಿ ದೊಡ್ಡ ಪಾಲು ಈ ಬೆಟ್ಟದ ತಮಿಳರದ್ದೇ. ಅವರ ಅಜ್ಜಂದಿರು ಹೊರಟದ್ದು ತಿರುಚಿ, ಮಧುರೆ, ತಿರುನೆಲ್ವೇಲಿಯಿಂದ. ಅಂದರೆ ಒಂದೇ ತೋಟದ ಒಂದೇ ಸಾಲುಮನೆಯ ಅಣ್ಣತಮ್ಮಂದಿರಲ್ಲಿ ಹಡಗಿನಲ್ಲಿ ಬಂದ ಅಣ್ಣ ಸುಳ್ಯದಲ್ಲಿ ಭಾರತೀಯ. ದೋಣಿಯಲ್ಲಿ ಬಂದ ತಮ್ಮ ಪುಳಲ್‌ನಲ್ಲಿ ವಿದೇಶಿ. ಅಣ್ಣನ ಮಗ ಸರ್ಕಾರಿ ಶಾಲೆಯ ಮೇಷ್ಟ್ರಾಗಬಹುದು, ತಮ್ಮನ ಮಗ ಎಂಜಿನಿಯರಿಂಗ್ ಮುಗಿಸಿದರೂ ಕೆಲಸದ ಸಂದರ್ಶನದಲ್ಲಿ ರಾಷ್ಟ್ರೀಯತೆಯ ಕಾಲಂ ಬಂದಾಗ ಪೆನ್ನು ನಿಲ್ಲಿಸಬೇಕು. ಅವರಿಬ್ಬರ ಯೋಗ್ಯತೆಯಲ್ಲಿ ಏನು ವ್ಯತ್ಯಾಸ? ಬಂದ ವರ್ಷ ಮತ್ತು ಹತ್ತಿದ ವಾಹನ, ಅಷ್ಟೇ.

ಕಾನೂನು ಇದನ್ನು ಹೇಗೆ ನೋಡುತ್ತದೆ? 1951ರ ವಿಶ್ವಸಂಸ್ಥೆಯ ನಿರಾಶ್ರಿತರ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾನೂನೂ ನಮ್ಮಲ್ಲಿಲ್ಲ. ಆದ್ದರಿಂದ ಯಾರನ್ನು ಹೇಗೆ ನಡೆಸಿಕೊಳ್ಳಬೇಕೆಂಬುದು ಆಯಾ ಕಾಲದ ಸರ್ಕಾರದ ಮರ್ಜಿ. 1955ರ ಪೌರತ್ವ ಕಾಯ್ದೆಯ ಪ್ರಕಾರ 1987ರ ಜುಲೈ 1ಕ್ಕಿಂತ ಮೊದಲು ಈ ನೆಲದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು. ಆಮೇಲೆ ಹುಟ್ಟಿದವರಿಗೆ ತಂದೆತಾಯಿಯರಲ್ಲಿ ಒಬ್ಬರಾದರೂ ಭಾರತೀಯರಿರಬೇಕು. 2004ರ ಡಿಸೆಂಬರ್ 3ರ ನಂತರ ಹುಟ್ಟಿದವರಿಗೆ ಮತ್ತೊಬ್ಬರು ಅಕ್ರಮ ವಲಸಿಗರೂ ಆಗಿರಬಾರದು. 1986ರಲ್ಲಿ ಮಂಟಪಂ ಶಿಬಿರದಲ್ಲಿ ಹುಟ್ಟಿದ ಮಹಿಳೆಯೊಬ್ಬರು ಈ ಮೊದಲನೆಯ ನಿಯಮವನ್ನು ಹಿಡಿದು ಹೈಕೋರ್ಟಿಗೆ ಹೋಗಿ ಗೆದ್ದು ಪಾಸ್‌ಪೋರ್ಟ್ ಪಡೆದರು, 2024ರ ಲೋಕಸಭಾ ಚುನಾವಣೆಯಲ್ಲಿ ತಿರುಚಿಯ ಕೊಟ್ಟಪಟ್ಟು ಶಿಬಿರದಿಂದ ಹೋಗಿ ಓಟು ಹಾಕಿದರು. ಅವರಿಗಿಂತ ಒಂದೆರಡು ವರ್ಷ ತಡವಾಗಿ ಅದೇ ಶಿಬಿರದಲ್ಲಿ ಹುಟ್ಟಿದವರಿಗೆ ಆ ಬಾಗಿಲು ಮುಚ್ಚಿದೆ.

2019ರ ಜೂನ್‌ನಲ್ಲಿ ಮದರಾಸು ಹೈಕೋರ್ಟಿನ ಮಧುರೆ ಪೀಠದ ನ್ಯಾಯಮೂರ್ತಿ ಜಿ. ಆರ್. ಸ್ವಾಮಿನಾಥನ್‌ರವರು ಬೆಟ್ಟದ ತಮಿಳು ಮೂಲದ 65 ಅರ್ಜಿದಾರರ ಪ್ರಕರಣದಲ್ಲಿ, ಇವರ ಪೂರ್ವಜರು ಭಾರತದವರೇ ಆಗಿರುವುದನ್ನು ಗಮನಿಸಿ ಪೌರತ್ವದ ಬೇಡಿಕೆಯನ್ನು ಪರಿಗಣಿಸುವಂತೆ ಕೇಂದ್ರಕ್ಕೆ ಸೂಚಿಸಿದ್ದರು. ಅದೇ ವರ್ಷದ ಡಿಸೆಂಬರಿನಲ್ಲಿ ಬಂದ ಪೌರತ್ವ ತಿದ್ದುಪಡಿ ಕಾಯ್ದೆಯಲ್ಲಿ ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನಗಳ ಹೆಸರಿದ್ದವು, ಶ್ರೀಲಂಕಾದ ಹೆಸರಿರಲಿಲ್ಲ. 2024ರಲ್ಲಿ ಅದರ ನಿಯಮಗಳು ಜಾರಿಯಾದ ಮೇಲೆ ನಮ್ಮ ರಾಯಚೂರು ಜಿಲ್ಲೆಯ ಸಿಂಧನೂರು ಶಿಬಿರಗಳಲ್ಲಿ ದಶಕಗಳಿಂದಿರುವ ಬಂಗಾಳಿ ನಿರಾಶ್ರಿತರಲ್ಲಿ ಕೆಲವರಿಗೆ ಪೌರತ್ವ ಸಿಕ್ಕಿತು. ಸಂತೋಷವೇ. ಸಿಂಧನೂರಿಗೆ ತೆರೆದ ಬಾಗಿಲು ಪುಳಲ್‌ಗೆ ಯಾಕೆ ತೆರೆಯಲಿಲ್ಲ ಎಂದು ಕೇಳುವುದರಲ್ಲಿ ತಪ್ಪೇನಿದೆ? 2025ರ ಸೆಪ್ಟೆಂಬರಿನಲ್ಲಿ ಕೇಂದ್ರವು ಒಂದು ಹೆಜ್ಜೆ ಇಟ್ಟಿತು. 2015ರ ಜನವರಿ 9ಕ್ಕೆ ಮುಂಚೆ ಬಂದು ನೋಂದಾಯಿಸಿಕೊಂಡ ಶ್ರೀಲಂಕಾ ತಮಿಳರನ್ನು ಪಾಸ್‌ಪೋರ್ಟ್, ವೀಸಾ ಇಲ್ಲವೆಂಬ ಕಾರಣಕ್ಕೆ ಶಿಕ್ಷಿಸುವಂತಿಲ್ಲ ಎಂಬ ವಿನಾಯಿತಿ ಬಂತು. ಜೈಲಿನ ಭಯ ತಗ್ಗಿತು. ಪ್ರಜೆಯೆನಿಸುವ ದಾರಿ ಅದರಿಂದ ತೆರೆಯಲಿಲ್ಲ.

ಛತ್ರದ ಮಾತು ಬಂದದ್ದರಿಂದ ಹೇಳುತ್ತೇನೆ. ನಮ್ಮ ಕಡೆಯ ಛತ್ರಗಳಲ್ಲಿ ಮೂರು ದಿನಕ್ಕಿಂತ ಹೆಚ್ಚು ಇಳಿಯಗೊಡುತ್ತಿರಲಿಲ್ಲ, ಅದು ಸರಿಯಾದ ನಿಯಮವೇ. ಛತ್ರದಲ್ಲಿ ಉಳಿದವನಿಗೆ ನಾಲ್ಕನೇ ದಿನ ಹೊರಡಲು ಒಂದು ಊರಿರುತ್ತದೆ. ಶಿಬಿರದಲ್ಲೇ ಹುಟ್ಟಿ, ಶಿಬಿರದಲ್ಲೇ ಮದುವೆಯಾದವನನ್ನು ಯಾವ ಬಸ್ಸು ಹತ್ತಿಸುವುದು?

ಇಷ್ಟು ಹೇಳಿದ ಮಾತ್ರಕ್ಕೆ ಎದುರು ಮಾತುಗಳಲ್ಲಿ ಹುರುಳಿಲ್ಲವೆಂದು ಅರ್ಥವಲ್ಲ. 1991ರ ಮೇ 21ರ ರಾತ್ರಿ ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿಯವರ ಹತ್ಯೆಯಾದಾಗ ತಮಿಳುನಾಡಿನ ಜನರ ಮನಸ್ಸು ಒಂದೇ ರಾತ್ರಿಯಲ್ಲಿ ತಿರುಗಿತು. 1983ರಲ್ಲಿ ಮನೆಬಾಗಿಲಿಗೆ ಅನ್ನ ತಂದಿಟ್ಟಿದ್ದ ಜನ ಬಾಡಿಗೆಗೆ ಮನೆ ಕೊಡಲು ಅಂಜಿದರು. ಕಾಲೇಜುಗಳಲ್ಲಿ ನಿರಾಶ್ರಿತ ಮಕ್ಕಳಿಗೆ ಮೀಸಲಿದ್ದ ಸೀಟುಗಳು ಹೋದವು, 1996ರಲ್ಲಿ ಮರಳಿ ಬಂದವು. 1992ರ ಜನವರಿಯಿಂದ ಆರಂಭವಾದ ವಾಪಸಾತಿಯಲ್ಲಿ ಮೂರು ವರ್ಷಗಳಲ್ಲಿ ಐವತ್ತು ಸಾವಿರಕ್ಕೂ ಮೀರಿ ಜನ ಹಿಂದಿರುಗಿದರು. ಅವರಲ್ಲಿ ಎಷ್ಟು ಮಂದಿ ಮನಃಪೂರ್ವಕವಾಗಿ ಹೋದರು ಎಂಬ ಪ್ರಶ್ನೆ ಆಗಲೇ ಎದ್ದಿತ್ತು. ಬಂದೂಕು ಹಿಡಿದವರನ್ನು ಸರ್ಕಾರ ಹುಡುಕಲೇಬೇಕು, ಶಿಕ್ಷಿಸಲೇಬೇಕು. ಗಡಿಗೆ ಕಾವಲೂ ಇರಬೇಕು. ಆದರೆ ಕೊಲೆಗಡುಕರ ಲೆಕ್ಕವನ್ನು ಆ ಕೊಲೆಗಡುಕರಿಗೂ ಹೆದರಿ ಓಡಿಬಂದ ಜನರ ಖಾತೆಗೆ ಖರ್ಚು ಬರೆದರೆ ಯಾವ ಆಡಿಟರೂ ಒಪ್ಪಲಾರ.

ಇನ್ನೊಂದು ಮಾತು: ಇದು ತಮಿಳರ ತಮಿಳರ ವಿಷಯ, ಕನ್ನಡಿಗರಾದ ನಮಗೇಕೆ? ಈ ಮಾತನ್ನು ಹೇಳುವವರು ನಮ್ಮಲ್ಲಿ ಹೆಚ್ಚು. ಅವರಿಗೆ ಎರಡು ದಿನಾಂಕಗಳನ್ನು ನೆನಪಿಸಬೇಕಾಗಿದೆ.

1991ರ ಡಿಸೆಂಬರ್ 11ರಂದು ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶವನ್ನು ಕೇಂದ್ರ ಗೆಜೆಟ್‌ನಲ್ಲಿ ಪ್ರಕಟಿಸಿತು. ಮರುದಿನದಿಂದ ಬೆಂಗಳೂರಿನಲ್ಲಿ ತಮಿಳರ ಮನೆ, ಅಂಗಡಿಗಳ ಮೇಲೆ ದಾಳಿಯಾಯಿತು. ಸಹಸ್ರಾರು ಬಡ ತಮಿಳರು ಗಂಟುಮೂಟೆ ಕಟ್ಟಿಕೊಂಡು ಹೊಸೂರು ದಾಟಿ ಈ ಕಡೆಗೆ ಬಂದರು. ಅವರೂ ಒಂದು ಬಗೆಯಲ್ಲಿ ನಿರಾಶ್ರಿತರೇ, ಓಡಿಸಿದವರು ನಮ್ಮವರು. ಆಗ ನಾನು ಹಗಲು ಕೆಲಸ ಮಾಡಿಕೊಂಡು ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದೆ. ಮನೆಯ ಯಜಮಾನರು ತಮಿಳರು. "ತಂಬಿ, ನಾಲ್ಕು ದಿನ ಬಸ್ಸಿನಲ್ಲಿ ಕನ್ನಡ ಪೇಪರ್ ಬಿಚ್ಚಬೇಡ" ಎಂದು ಬುದ್ಧಿ ಹೇಳಿ, ರಾತ್ರಿ ಒಂಬತ್ತೂವರೆಗೆ ಬಸ್ ನಿಲ್ದಾಣದಲ್ಲಿ ನನಗಾಗಿ ಕಾದು ನಿಲ್ಲುತ್ತಿದ್ದರು. ಇಂಥ ಯಜಮಾನರು ಆ ದಿನಗಳಲ್ಲಿ ನಮ್ಮಲ್ಲಿ ಅನೇಕರಿಗೆ ಸಿಕ್ಕಿದ್ದರು.

ಎರಡನೆಯದು 2016ರ ಸೆಪ್ಟೆಂಬರ್ 12. ಅಂದು ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸುಗಳು ಉರಿದವು. ಅದೇ ದಿನ ಇಲ್ಲಿ ಮೈಲಾಪುರದಲ್ಲಿ ಕನ್ನಡಿಗರ ಹೋಟೆಲೊಂದರ ಮೇಲೆ ಪೆಟ್ರೋಲ್ ಬಾಂಬ್ ಎಸೆದರು. ಈ ನಗರಕ್ಕೆ ಉಡುಪಿ ಸಾಂಬಾರಿನ ರುಚಿ ಹಿಡಿಸಿದ ಕಡಂದಲೆ ಕೃಷ್ಣರಾಯರ ಕಾಲದಿಂದ ಇಲ್ಲಿ ಅನ್ನ ಬಡಿಸುತ್ತಾ ಬಂದವರಿಗೂ ಒಂದು ದಿನ 'ಹೊರಗಿನವರು' ಎಂಬ ಹೆಸರು ಅಂಟಿತು. ಅಂದು ನಮ್ಮ ಸಂಘಗಳ ಪದಾಧಿಕಾರಿಗಳು ಪೊಲೀಸ್ ರಕ್ಷಣೆ ಕೇಳುವಾಗ ಮುಂದಿಟ್ಟ ವಾದ ನೆನಪಿದೆಯಲ್ಲವೇ? ಎಲ್ಲೋ ಯಾರೋ ಮಾಡಿದ್ದಕ್ಕೆ ಇಲ್ಲಿರುವ ನಿರಪರಾಧಿಗಳನ್ನು ಹೊಣೆ ಮಾಡಬಾರದು ಎಂಬ ವಾದ. ಶಿಬಿರದವರದ್ದೂ ಅದೇ ವಾದ.

ದೂರದ ಉದಾಹರಣೆಗಳೂ ನಮ್ಮ ಮನೆಯವೇ. 1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ನುಂಗಿದಾಗ ಸುಮಾರು 1,70,000 ಭಾರತೀಯರು ಉಟ್ಟ ಬಟ್ಟೆಯಲ್ಲಿ ಮರುಭೂಮಿ ದಾಟಿ ಜೋರ್ಡಾನ್ ಸೇರಿ, ಡೇರೆಗಳಲ್ಲಿ ಕಾದು, ಅಮ್ಮಾನಿನಿಂದ ವಿಮಾನ ಹತ್ತಿದರು. ಮಂಗಳೂರು, ಉಡುಪಿ ಕಡೆಯವರು ಅವರಲ್ಲಿ ಬಹಳ ಮಂದಿ ಇದ್ದರು. ಬಡ ದೇಶವಾದ ಜೋರ್ಡಾನ್ ಗಡಿ ಮುಚ್ಚಿದ್ದರೆ? 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಸಿಡಿದಾಗ ಗಿಡಮೂಲಿಕೆ ಮಾರಲು ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದ ನೂರಕ್ಕೂ ಹೆಚ್ಚು ಮಂದಿ ಅಲ್ಲಿ ಸಿಲುಕಿಕೊಂಡರು. ಅವರನ್ನು ಜೆಡ್ಡಾ ಮೂಲಕ ಕರೆತಂದ ಕಾರ್ಯಾಚರಣೆಗೆ ಕೇಂದ್ರ ಇಟ್ಟ ಹೆಸರು 'ಆಪರೇಷನ್ ಕಾವೇರಿ'. ನಾವೂ ತಮಿಳರೂ ಜಗಳಾಡುವ ನದಿಯ ಹೆಸರಿನಲ್ಲಿ ಕನ್ನಡಿಗರು ಬದುಕಿ ಬಂದರು!

ನಿರಾಶ್ರಿತರ ಕುರಿತಾದ ಈ ಮನೋಭಾವ ಅಲ್ಲಿಗೇ ನಿಲ್ಲುವುದಿಲ್ಲ, ದೇಶದೊಳಗಿನ ವಲಸಿಗರ ಮೇಲೂ ಹರಿಯುತ್ತದೆ. ಮಾಧವರಂ ಗೋದಾಮುಗಳಲ್ಲಿ, ಲಾರಿ ನಿಲ್ದಾಣದಲ್ಲಿ, ಹಾಲಿನ ಕಾಲೊನಿಯಿಂದ ಹೊರಡುವ ಮೆಟ್ರೊ ಕಾಮಗಾರಿಯಲ್ಲಿ ದುಡಿಯುವ ಬಿಹಾರ, ಒಡಿಶಾ, ಬಂಗಾಳದ ಹುಡುಗರನ್ನು ನೋಡಿ "ಎಲ್ಲಿ ನೋಡಿದರೂ ಇವರೇ" ಎಂದು ಗೊಣಗುವುದು ನಮ್ಮಲ್ಲೂ ರೂಢಿಯಾಗಿದೆ. ನಾವೂ ಎಲ್ಲಿ ನೋಡಿದರೂ ಇದ್ದ ಕಾಲವೊಂದಿತ್ತು. ಹೋಟೆಲಿನ ಕ್ಲೀನರ್, ಸಪ್ಲೈಯರ್, ಮಾಣಿಯಾಗಿ ಬಂದವರು. ಆಮೇಲೆ ನಮ್ಮ ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳ ಗುಮಾಸ್ತರಾಗಿ ವರ್ಗವಾಗಿ ಬಂದವರು. ಆ ಬ್ಯಾಂಕುಗಳಲ್ಲಿ ಮೂರು 2019, 2020ರ ವಿಲೀನಗಳಲ್ಲಿ ಹೆಸರನ್ನೇ ಕಳೆದುಕೊಂಡವು, ಗುಮಾಸ್ತರು ಉಳಿದೆವು. ಹೊರಗಿನವರು ಕಡಿಮೆ ಕೂಲಿಗೆ ಒಪ್ಪಿಕೊಂಡು ಇಲ್ಲಿಯವರ ಕೂಲಿ ಕೆಡಿಸುತ್ತಾರೆ ಎಂಬ ದೂರಿನಲ್ಲಿ ಸತ್ಯಾಂಶವಿದೆ. ಆದರೆ ಕೂಲಿ ಕಡಿಮೆ ಮಾಡುವವನು ಕಂತ್ರಾಟುದಾರ. ಅಂತರರಾಜ್ಯ ವಲಸೆ ಕಾರ್ಮಿಕರಿಗಾಗಿ 1979ರಲ್ಲೇ ಕಾಯ್ದೆ ಬಂದಿತ್ತು, ಈಗ ಅದು ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿಕೊಂಡಿದೆ. ಅದನ್ನು ಓದಿದ ಕಂತ್ರಾಟುದಾರನನ್ನು ನಾನಂತೂ ಕೌಂಟರಿನಲ್ಲಿ ಕಂಡಿಲ್ಲ.

ಕೌಂಟರಿನಲ್ಲಿ ಕಾಣುವುದು ಬೇರೆ. ವಿಳಾಸದ ಪುರಾವೆ ಇಲ್ಲವೆಂದು ತಿರುಗಿ ಹೋಗುವ ಮುಖಗಳು. ಪಾಸ್‌ಪೋರ್ಟ್, ಚಾಲನಾ ಪರವಾನಗಿ, ಆಧಾರ್, ಮತದಾರರ ಚೀಟಿ, ನರೇಗಾ ಕಾರ್ಡ್ ಎಂದು ಪಟ್ಟಿ ಓದಿಹೇಳುತ್ತೇವೆ. ಇವು ಯಾವುವೂ ಇಲ್ಲದವರಿಗೆ ಫೋಟೊ ಮತ್ತು ಸಹಿಯ ಮೇಲೆ 'ಸಣ್ಣ ಖಾತೆ' ತೆರೆಯಬಹುದೆಂಬ ನಿಯಮವಿದೆ. ಶಿಲ್ಕು 50,000 ಮೀರಬಾರದು, ತಿಂಗಳಿಗೆ 10,000ಕ್ಕಿಂತ ಹೆಚ್ಚು ತೆಗೆಯಬಾರದು. ಇದನ್ನು ಹೇಳಲು ಒಂದು ನಿಮಿಷ ಸಾಕು. ಸಾಲು ಉದ್ದವಿರುವಾಗ ಆ ಒಂದು ನಿಮಿಷವೂ ಸಿಗುವುದಿಲ್ಲ.

ಭಯ ಹುಟ್ಟಿಸುವುದು ಎಷ್ಟು ಸುಲಭವೆಂಬುದಕ್ಕೆ ಎರಡೂ ರಾಜ್ಯಗಳು ಸಾಕ್ಷಿ. 2012ರ ಆಗಸ್ಟ್‌ನಲ್ಲಿ ಎಸ್ಸೆಮ್ಮೆಸ್ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಯುವಕ ಯುವತಿಯರು ಬೆಂಗಳೂರು ಬಿಟ್ಟು ಗುವಾಹಟಿ ರೈಲು ಹತ್ತಿದರು. 2023ರ ಮಾರ್ಚ್‌ನಲ್ಲಿ ತಮಿಳುನಾಡಿನಲ್ಲಿ ಬಿಹಾರಿಗಳನ್ನು ಕೊಲ್ಲಲಾಗುತ್ತಿದೆ ಎಂಬ ಸುಳ್ಳು ವಿಡಿಯೊಗಳು ಹರಿದಾಡಿ, ಬಿಹಾರ ಸರ್ಕಾರದ ತಂಡವೇ ಇಲ್ಲಿಗೆ ಬಂದು ನೋಡಿಹೋಗಬೇಕಾಯಿತು. ಇನ್ನು 2024ರ ಜುಲೈನಲ್ಲಿ ಕರ್ನಾಟಕ ಸಚಿವ ಸಂಪುಟವು ಖಾಸಗಿ ಉದ್ದಿಮೆಗಳಲ್ಲಿ ಆಡಳಿತ ಹುದ್ದೆಗಳಿಗೆ ಶೇ. 50, ಉಳಿದವುಗಳಿಗೆ ಶೇ. 70 ಸ್ಥಳೀಯರಿಗೆಂಬ ಮಸೂದೆಗೆ ಒಪ್ಪಿಗೆ ಕೊಟ್ಟಾಗ ನಮ್ಮ ಸಂಘಗಳಲ್ಲಿ ಚಪ್ಪಾಳೆ ತಟ್ಟಿದವರಿದ್ದರು. ಎರಡೇ ದಿನಗಳಲ್ಲಿ ಅದನ್ನು ತಡೆಹಿಡಿಯಲಾಯಿತೆನ್ನಿ. ಅಂಥದೇ ಮಸೂದೆಯನ್ನು ತಮಿಳುನಾಡು ತಂದರೆ ಅಂಬತ್ತೂರು, ಸಿರುಸೇರಿಗಳಲ್ಲಿ ಕೆಲಸದಲ್ಲಿರುವ ನಮ್ಮ ಮಕ್ಕಳ ಗತಿಯೇನು ಎಂದು ಚಪ್ಪಾಳೆ ತಟ್ಟಿದವರಿಗೆ ಹೊಳೆದಿರಲಿಲ್ಲ.

ನೋಟ್ ಪುಸ್ತಕದ ವಿಷಯಕ್ಕೆ ಸಂಬಂಧಿಸಿ ನನ್ನ ಅಭಿಪ್ರಾಯ ಸ್ಪಷ್ಟವಿದೆ: ಕೊಡಬೇಕು. ನಮ್ಮ ಮಕ್ಕಳ ಪಾಲಿನಿಂದ ಕಿತ್ತುಕೊಡಬೇಕಾಗಿಲ್ಲ. ವಾರ್ಷಿಕೋತ್ಸವದ ಹಾರ, ಶಾಲು, ಸ್ಮರಣಿಕೆಗಳ ಖರ್ಚಿನಲ್ಲಿ ಅರ್ಧ ತಗ್ಗಿಸಿದರೆ ಸಾಕು. ಆದರೆ ಪುಸ್ತಕ ಕೊಟ್ಟು ಫೋಟೊ ತೆಗೆಸಿಕೊಂಡು ಬರುವುದಷ್ಟೇ ಆದರೆ ಈ ಪುಟಕ್ಕೊಂದು ವರದಿ ಸಿಗುತ್ತದೆ, ಅವರಿಗೇನೂ ಸಿಗುವುದಿಲ್ಲ. ಅವರಿಗೆ ಬೇಕಾಗಿರುವುದು ಕಾಗದದ ನೆರವು. ಬೆಟ್ಟದ ತಮಿಳರ ಅನೇಕ ಕುಟುಂಬಗಳಲ್ಲಿ ಅಜ್ಜನ ಕಾಲದ ಹಳೆಯ ಪತ್ರಗಳಿವೆ: ತೋಟದ ದಾಖಲೆ, ಒಪ್ಪಂದದ ಕಾಲದ ಅರ್ಜಿಯ ಪ್ರತಿ, ಭಾರತದ ಊರಿನ ಹೆಸರು ಬರೆದ ಚೀಟಿ. ಅವನ್ನು ವಿಂಗಡಿಸಿ, ನಕಲು ತೆಗೆದು, ದಿನಾಂಕವಾರು ಜೋಡಿಸಿ, ಜನನ ಪ್ರಮಾಣಪತ್ರಗಳಲ್ಲಿ ಹೆಸರಿನ ಕಾಗುಣಿತ ಒಂದೇ ಆಗಿದೆಯೇ ಎಂದು ನೋಡಿಕೊಡುವವರು ಬೇಕು. 1987ರ ಜುಲೈಗೆ ಮುಂಚೆ ಇಲ್ಲಿ ಹುಟ್ಟಿದವರು ಯಾರ್ಯಾರೆಂದು ಪಟ್ಟಿ ಮಾಡಬೇಕು, ಅವರಿಗೆ ತಮ್ಮ ಹಕ್ಕೇ ಗೊತ್ತಿರಲಿಕ್ಕಿಲ್ಲ. 1984ರಿಂದ ಚೆನ್ನೈಯಲ್ಲಿ ನಿರಾಶ್ರಿತರೇ ನಡೆಸಿಕೊಂಡು ಬಂದಿರುವ ಓಫರ್ ಸಂಸ್ಥೆ ಇಂಥ ಕೆಲಸ ಬಲ್ಲದು, ಅವರ ಜತೆ ಕೂತು ಕಲಿಯಬಹುದು.

ನಮ್ಮ ಸಂಘಗಳಲ್ಲಿ ಸದಸ್ಯರ ಪೈಕಿ ಅರ್ಧದಷ್ಟು ಮಂದಿ ನಿವೃತ್ತ ಬ್ಯಾಂಕಿನವರು, ಎಲ್‌ಐಸಿಯವರು, ರೈಲ್ವೆಯವರು. ಫಾರಂ ತುಂಬುವುದು, ಲಗತ್ತು ಪಟ್ಟಿ ಮಾಡುವುದು, ಸ್ವೀಕೃತಿ ಮೊಹರು ಹಾಕಿಸಿಕೊಳ್ಳದೆ ಕಚೇರಿ ಬಿಟ್ಟು ಕದಲದಿರುವುದು ನಮಗೆ ಜೀವಮಾನದ ಅಭ್ಯಾಸ. ಭಾನುವಾರ ಬೆಳಗ್ಗೆ ಎರಡು ಗಂಟೆ ಸಮಯ, ಒಂದು ಜೆರಾಕ್ಸ್ ಯಂತ್ರ, ನಾಲ್ಕು ಕುರ್ಚಿ ಇದ್ದರೆ ಆರಂಭಿಸಬಹುದು. ಕಾವಾಂಗರೈಗೆ ಮಾಧವರಂನಿಂದ ಬಸ್ಸುಗಳಿಗೇನೂ ಬರವಿಲ್ಲ. ಜತೆಗೆ, ಬೆಟ್ಟದ ತಮಿಳರ ಪೌರತ್ವದ ಬೇಡಿಕೆಯನ್ನು ಪರಿಗಣಿಸಬೇಕೆಂದು ಚೆನ್ನೈಯ ಕನ್ನಡ ಸಂಘಗಳೆಲ್ಲ ಸೇರಿ ಕೇಂದ್ರ ಗೃಹ ಸಚಿವಾಲಯಕ್ಕೆ ಒಂದು ಮನವಿ ಕಳಿಸಬಹುದು. ಸುಳ್ಯದ ಉದಾಹರಣೆಯನ್ನು ಅದರಲ್ಲಿ ವಿವರವಾಗಿ ಬರೆಯಬೇಕು, ಅದನ್ನು ಬರೆಯಲು ನಮಗಿಂತ ಯೋಗ್ಯರು ಈ ಊರಿನಲ್ಲಿಲ್ಲ. ಮನವಿ ಕನ್ನಡದಲ್ಲಿರಬೇಕೋ ತಮಿಳಿನಲ್ಲಿರಬೇಕೋ ಎಂಬ ಚರ್ಚೆಗೆ ಮೂರು ಸಭೆ ಹಾಳುಮಾಡುವುದು ಬೇಡ. ದೆಹಲಿಗೆ ಹೋಗುವ ಕಾಗದ, ಇಂಗ್ಲಿಷಿನಲ್ಲೇ ಇರಲಿ.